ಜೈಲಿನ ಗೆಳೆಯನ ಹೋರಿ

ದೀಪಾವಳಿ ಹತ್ತಿರ ಬಂತೆಂದರೆ ಸೊರಬದ ಕಿರಾಣಿ ಅಂಗಡಿಗಳ ಮುಂದೆ ಒಣಕೊಬ್ಬರಿಯ ಚೀಲಗಳು ಬಾಯಿ ತೆರೆದು ಕೂರುತ್ತವೆ. ಮೊನ್ನೆ ಬೇಳೆ ತರಲು ಹೋದವಳಿಗೆ ಆ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲೇ ಹುಡುಗರು ಕೊಬ್ಬರಿ ಬಟ್ಟಲಿಗೆ ತೂತು ಕೊರೆದು, ಹೋರಿ ಹಬ್ಬಕ್ಕೆ ಸರ ಪೋಣಿಸುತ್ತಿದ್ದರು. ನನಗೆ ಹಳೆಯದೆಲ್ಲ ನೆನಪಾಯಿತು. ಬೇಳೆ ಮರೆತು ಮನೆಗೆ ಬಂದೆ.

ಕೆಲವು ವರ್ಷಗಳ ಹಿಂದೆ ನಮ್ಮ ಹಿತ್ತಲಿಗೆ ಅಂಟಿಕೊಂಡ ಶೆಡ್ಡಿನಲ್ಲಿ ಒಬ್ಬರು ಬಾಡಿಗೆಗಿದ್ದರು. ಗೇಟು, ಕಿಟಕಿ ಸರಳು ಮಾಡುವ ಕೆಲಸ. ವೆಲ್ಡಿಂಗ್ ಅಣ್ಣ ಎಂದೇ ನಾವು ಕರೆಯುತ್ತಿದ್ದುದು. ಶಿಕಾರಿಪುರದ ಕಡೆಯವರು. ಅಲ್ಲಿ ಒಂದು ಗ್ಯಾಂಗಿನಲ್ಲಿದ್ದವರೆಂದು ಬೀದಿಗೆಲ್ಲ ಗೊತ್ತಿತ್ತು, ಅವರೂ ಮುಚ್ಚಿಟ್ಟವರಲ್ಲ. ಮರಳು ಲಾರಿ ಕಾಯುವುದು, ಹೆದರಿಸುವುದು, ಹೊಡೆಯುವುದು… ಒಂದು ಹೊಡೆದಾಟದಲ್ಲಿ ಎದುರು ಗುಂಪಿನವನೊಬ್ಬ ಸತ್ತ. ಅಣ್ಣನ ಜೀವದ ಗೆಳೆಯ ಶಿವಮೊಗ್ಗದ ಜೈಲು ಸೇರಿದ. ತಮ್ಮ ತಂಗಿಯ ಮದುವೆ ಮಾತುಕತೆಗೆ ಹೋಗಿದ್ದರಿಂದ ಅಣ್ಣ ಆ ದಿನ ಅಲ್ಲಿರಲಿಲ್ಲ, ಅಷ್ಟೇ. ಅಲ್ಲಿಂದಾಚೆ ಗ್ಯಾಂಗು ಬಿಟ್ಟರು. ಗೆಳೆಯನನ್ನು ಬಿಡಲಿಲ್ಲ. ಆತ ಕರುವಿನಿಂದ ಸಾಕಿದ ಹೋರಿಯನ್ನು ಹೊಡೆದುಕೊಂಡು ಬಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿದರು. ಆಗಾಗ ಬಾಳೆಹಣ್ಣು, ಸೋಪು ಹಿಡಿದು ಶಿವಮೊಗ್ಗದ ಬಸ್ಸು ಹತ್ತುವರು.

ನಮ್ಮತ್ತೆ ಸುಮ್ಮನಿರುವವರಲ್ಲ. “ಹೋರಿಗೆ ಹುಲ್ಲು ನೀ ಹಾಕ್ತೀಯ ಮಾರಾಯ, ಅದರ ಯಜಮಾನನಿಗೆ ಯಾರು ಹಾಕ್ತಾರೆ?” ಎಂದು ಕೆಣಕಿದರೆ, “ಅವನಿಗೆ ಸರ್ಕಾರ ಹಾಕ್ತೈತಿ ಬಿಡ್ರಿ ಅಜ್ಜಿ, ಹೊತ್ತಿಗೆ ಸರಿಯಾಗಿ!” ಎನ್ನುವರು. ನಗುವರು. ಆದರೆ ರಸ್ತೆಯಲ್ಲಿ ಬೈಕು ನಿಂತ ಸದ್ದಾದರೆ ಆ ನಗು ಅಲ್ಲೇ ನಿಲ್ಲುತ್ತಿತ್ತು. ಕ್ರಮೇಣ ನನಗೂ ಅದೇ ಚಾಳಿ ಬಂತು. ಬೈಕು ನಿಂತರೆ ಒಲೆ ಸಣ್ಣ ಮಾಡಿ ಕಿವಿಗೊಡುತ್ತಿದ್ದೆ.

ಒಂದು ದೀಪಾವಳಿಗೆ ಬೈಕುಗಳು ನಮ್ಮ ಗೇಟಿನ ಮುಂದೆಯೇ ನಿಂತವು. ಹಳೆಯ ಗ್ಯಾಂಗಿನವರು.

“ಈ ಸಲ ಹೋರಿ ಓಡಬೇಕು, ನಮ್ಮ ಗುಂಪಿನ ಹೆಸರಲ್ಲೇ. ಒಳಗಿಂದ ಅವನೇ ಹೇಳಿ ಕಳಿಸ್ಯಾನೆ. ಹಗ್ಗ ನೀನೇ ಬಿಡಬೇಕು.”

“ಆ ಕಡೆಯವರೂ ಬರ್ತಾರಲ್ಲ?” ಅಣ್ಣ ಕೇಳಿದರು.

“ಬರ್ಲಿ ಅಂತಾನೇ ಅಲ್ವಾ? ಯಾಕೋ, ಗೇಟು ಮಾಡಿ ಮಾಡಿ ಕೈ ತಣ್ಣಗಾಯ್ತಾ?”

ನಮ್ಮ ಸೀಮೆಯ ಹೋರಿ ಹಬ್ಬ ಕಾಣದವರಿಗೆ ಒಂದು ಮಾತು ಹೇಳಬೇಕು. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಜನರ ನಡುವೆ ಓಡಲು ಬಿಡುತ್ತಾರೆ. ಯಾರಾದರೂ ಹಾರಿ ಹಿಡಿದು ಸರ ಹರಿದರೆ ಹೋರಿ ಸೋತಂತೆ. ಹರಿಯದೆ ಪಾರಾದರೆ ಸಾಕಿದವನ ಮೀಸೆ ಮೇಲೆ. ಎದುರು ಗುಂಪಿನವನು ಆ ಸರಕ್ಕೆ ಕೈ ಹಾಕುವುದನ್ನೇ ಇವರು ಕಾಯುತ್ತಿದ್ದರು. ಕೈ ಹಾಕಿದರೆ ರಕ್ತ. ಅಲ್ಲಿಗೆ ಅಣ್ಣನೂ ಜೈಲಿನೊಳಗೆ. ಆಗುವುದಿಲ್ಲ ಎಂದರೋ, ಗೆಳೆಯನಿಗೆ ಎರಡು ಬಗೆದಂತೆ…

“ಬರ್ತೀನಿ” ಎಂದರು ಅಣ್ಣ. ಆ ವಾರವಿಡೀ ನನಗೆ ಅನ್ನ ಸೇರಲಿಲ್ಲ.

ತೊಗರ್ಸಿ ಆಚೆಯ ಒಂದು ಊರಿನಲ್ಲಿ ಹಬ್ಬ. ನಾನೂ ಅತ್ತೆಯೂ ಅಲ್ಲಿನ ನೆಂಟರ ತಾರಸಿ ಹತ್ತಿ ನಿಂತೆವು. ಮೈಕಿನಲ್ಲಿ ಆ ಗುಂಪಿನ ಹೆಸರು ಕೂಗಿದರು. ಹುಡುಗರು ಶಿಳ್ಳೆ ಹಾಕಿದರು. ಎದುರಿನ ಸಾಲು ಅಂಗಿ ತೋಳು ಮಡಚಿತು. ಅತ್ತೆ ನನ್ನ ಮುಂಗೈ ಹಿಡಿದಿದ್ದರು, ಅವರ ಉಗುರು ನಾಟುತ್ತಿತ್ತು.

ಅಣ್ಣ ಹಗ್ಗ ಬಿಡಲಿಲ್ಲ. ಹೋರಿಯ ಕೊರಳಿಗೆ ತಾವೇ ಕೈ ಹಾಕಿ ಸರವನ್ನು ಪಟ್ಟನೆ ಹರಿದರು. ಕೊಬ್ಬರಿ ಬಟ್ಟಲುಗಳನ್ನು ಈ ಕಡೆಗೆ ನಾಲ್ಕು, ಆ ಕಡೆಗೆ ನಾಲ್ಕು ಎಸೆದರು. ತಮ್ಮ ಕೈಯಾರೆ ಹೋರಿಯನ್ನು ಸೋಲಿಸಿದವರನ್ನು ಆ ಜನ ಕಂಡಿರಲಿಲ್ಲ. ಮೈದಾನವೆಲ್ಲ ಹೋ ಎಂದು ನಗು. ಎದುರು ಗುಂಪಿನವರೂ ನಕ್ಕರು. ನಗುವವರ ಜೊತೆ ಹೊಡೆದಾಡುವುದು ಹೇಗೆ? ಗ್ಯಾಂಗಿನವನೊಬ್ಬ ಬಂದು ಅಣ್ಣನ ಕೆನ್ನೆಗೆ ಬಾರಿಸಿದ. ಅವರು ಕೈ ಎತ್ತಲಿಲ್ಲ. ಹೋರಿ ಹಿಡಿದು ಜನರ ನಡುವೆ ನಡೆದು ಬಂದರು.

ಬೈಕುಗಳು ಮತ್ತೆ ಬರಲಿಲ್ಲ. ಮಾನ ಕಳೆದವನನ್ನು ಕಟ್ಟಿಕೊಂಡು ಅವರಿಗೇನಾಗಬೇಕು? ಆದರೆ ಜೈಲಿನ ಗೆಳೆಯನೂ ಮುಖ ತಿರುಗಿಸಿದ. ಅಣ್ಣ ಹೋಗಿ ಹೆಸರು ಬರೆಸಿದರೆ ಆತ ಒಳಗಿನಿಂದ ಬರುತ್ತಿರಲಿಲ್ಲ. ಸಂಜೆಯವರೆಗೆ ಕಾದು ಹಿಂದಿರುಗುವರು. ಒಯ್ದ ಬಾಳೆಹಣ್ಣನ್ನು ಹೋರಿಗೆ ತಿನ್ನಿಸುವರು. “ಸಿಟ್ಟು ಇಳಿಲಿಕ್ಕೆ ಟೈಮ್ ಬೇಕಲ್ರಿ ಅಕ್ಕಾ. ಅವನ ಹತ್ರ ಟೈಮಿಗೇನು ಕಮ್ಮಿ?” ಎನ್ನುವರು. ಹೋಗುವುದನ್ನು ನಿಲ್ಲಿಸಲಿಲ್ಲ.

ಒಂದು ಬೇಸಿಗೆಯಲ್ಲಿ ಕ್ಯಾಸನೂರು ಕಡೆ ಬೇಲಿ ಕೆಲಸಕ್ಕೆ ಹೋದವರು ಜ್ವರ ಹಚ್ಚಿಕೊಂಡು ಬಂದರು. ಆಸ್ಪತ್ರೆಗೆ ಸೇರಿಸಿದೆವು… ಉಳಿಯಲಿಲ್ಲ. ಜೈಲಿಗೆ ಅಣ್ಣನ ತಂಗಿ ಮನೆಯವರು ತಿಳಿಸಿರುತ್ತಾರೆಂದು ನಾವು, ನಾವು ತಿಳಿಸಿರುತ್ತೇವೆಂದು ಅವರು; ಕೊನೆಗೆ ಯಾರೂ ತಿಳಿಸಲಿಲ್ಲ.

ಕಳೆದ ತಿಂಗಳು ಗೇಟಿನ ಬಳಿ ಒಬ್ಬ ನರೆತ ಗಡ್ಡದ ಮನುಷ್ಯ ನಿಂತಿದ್ದ. ಯಾರೆಂದು ಹೇಳದೆಯೇ ತಿಳಿಯಿತು. 

“ಅವನು ಇದ್ದಾನೇನ್ರಿ? ನಾನು ಬಂದೀನಿ ಅಂತ ಹೇಳ್ರಿ” ಎಂದ.

ಹೇಳಬೇಕಾದದ್ದನ್ನು ಹೇಳಿದೆ. ಆತ ಒಳಗೆ ಬಂದು ಜಗಲಿಯ ಮೇಲೆ ಕುಳಿತ. ನೀರು ತಂದುಕೊಟ್ಟೆ, ಕುಡಿಯಲಿಲ್ಲ.

“ಅವನು ಬಂದಾಗ ಪ್ರತಿ ಸಲ ಜೈಲಿನೋರು ನನ್ನ ಹೆಸರು ಹಿಡಿದು ಕೂಗೋರು ಅಕ್ಕಾ. ಕೇಳಿಸ್ತಿತ್ತು. ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ಆಮೇಲೆ ಕೂಗೋದು ನಿಂತಿತು. ಸಾಕಾಯ್ತೇನೋ ಅವನಿಗೆ ಅಂದ್ಕೊಂಡು… ಇಷ್ಟು ದಿನ ಬೈತಾ ಕೂತಿದ್ದೆ.”

ಅಣ್ಣನಿಗೆ ಸಾಕಾಗಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆತನ ಮುಖ ನೋಡಿ ಆಗಲಿಲ್ಲ.