ಕಾಣದ ಪ್ರಶ್ನೆಗೆ ಹೂಂ

ಮಾಗಡಿ ಕಡೆಯ ನಮ್ಮ ಊರಿನಲ್ಲಿ ಒಂದೇ ಕೂಗಿಗೆ ಯಾರೂ ಓಗೊಡುವುದಿಲ್ಲ. ಒಂದು ಸಲ ಕೂಗುವುದು ದೆವ್ವ, ಮನುಷ್ಯರಾದರೆ ಇನ್ನೊಮ್ಮೆ ಕೂಗುತ್ತಾರೆ ಅನ್ನುವ ನಂಬಿಕೆ. ನನ್ನ ಅತ್ತೆ ಮೊಬೈಲಿಗೂ ಇದೇ ಕಾನೂನು ಹಾಕಿದ್ದಾರೆ. ಮೊದಲ ಕರೆ ಬಡಿದುಕೊಂಡು ಸಾಯಬೇಕು, ಎರಡನೆಯದಕ್ಕೇ ಹಲೋ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾವಿಬ್ಬರೂ ಸೇರಿ ಚಾಕಿ ಮನೆ ನಡೆಸುತ್ತೇವೆ. ರೇಷ್ಮೆಯ ಮರಿಹುಳು ಸಾಕಿ ರೈತರಿಗೆ ಕೊಡುವ ಕೆಲಸ. ಹುಳು ಹೋದ ಮೇಲೆ ಕೋಣೆಗೆ ಮದ್ದಿನ ಹೊಗೆ ಹಾಕಬೇಕು. ಒಳಗಿದ್ದವರ ಉಸಿರು ಕಟ್ಟಿಸುವ ಹೊಗೆ ಅದು. ಹೊಗೆಯಂತ್ರದ ಕಂಪ್ಯೂಟರು ಕಪ್ಪು ಪರದೆಯ ಮೇಲೆ ಮೂರು ಪ್ರಶ್ನೆ ಕೇಳುತ್ತಿತ್ತು: ಯಾವ ಕೋಣೆ, ಎಷ್ಟು ಹೊತ್ತು, ಇದನ್ನು ಉಳಿಸಲೇ. ನಾನು ಹಗಲೆಲ್ಲ ಬಿಡದಿಯ ಕಾರ್ಖಾನೆಯಲ್ಲಿರುವವಳು. ಬೆಳಿಗ್ಗೆಯೇ ನನ್ನ ಪರವಾಗಿ ತಾನೇ ಉತ್ತರ ತುಂಬಿಡಲು ಒಂದು ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಆದೇಶಗಳ ಪಟ್ಟಿ, ಬರೆದಿಟ್ಟೆ. ಸಂಜೆ ನಾನು ಬಂದು ಗುಂಡಿ ಒತ್ತಿದ ಮೇಲೇ ಹೊಗೆ. ಆದರೆ ಹೊಗೆಯಂತ್ರದ ಆ ಹಾಳು ಪ್ರೋಗ್ರಾಂ ಮನುಷ್ಯರು ಎದುರು ಕೂತರಷ್ಟೇ ಪ್ರಶ್ನೆ ತೋರಿಸುತ್ತಿತ್ತು, ಸ್ಕ್ರಿಪ್ಟಿಗೆ ತೋರಿಸುತ್ತಿರಲಿಲ್ಲ. ಸರಿ, ಅದು ಸುಮ್ಮನಾದಾಗಲೆಲ್ಲ ಮುಂದಿನ ಉತ್ತರ ಕೊಡು ಎಂದು ಬರೆದೆ. ಮೌನಕ್ಕೂ ಓಗೊಡುವುದನ್ನು ಕಲಿಸಿದೆ.

ಒಂದು ಸಂಜೆ ಹೊಗೆ ಅರ್ಧವಾಗಿದ್ದಾಗ ಕರೆಂಟು ಹೋಯಿತು. ಮರುದಿನ ಬೆಳಿಗ್ಗೆ ಕಾರ್ಖಾನೆಯಲ್ಲಿ ಟೀ ಕುಡಿಯುತ್ತ ಮೊಬೈಲಿನಲ್ಲಿ ನೋಡಿದರೆ, ಪ್ರಶ್ನೆಗಳೇ ಇಲ್ಲದೆ ನನ್ನ ಉತ್ತರಗಳಷ್ಟೇ ಸಾಲಾಗಿ ಕೂತಿದ್ದವು: ಎರಡು, ನಲವತ್ತು, ಹೌದು. ಒಬ್ಬಳೇ ಯಾರ ಜೊತೆಗೋ ಮಾತಾಡಿದ ಹಾಗೆ. ಕೆಳಗೆ ಎಂದೂ ಕಾಣದ ಒಂದು ಸಾಲು: ಹೊಗೆ ಆರಂಭವಾಗಿದೆ. ಆ ಹೊತ್ತಿಗೆ ಅತ್ತೆ ಆ ಕೋಣೆಯೊಳಗೆ ಹುಳು ಸಾಕುವ ತಟ್ಟೆ ಜೋಡಿಸುತ್ತಿರುತ್ತಾರೆ. ಕೂಡಲೇ ಅವರಿಗೆ ಕರೆ ಮಾಡಿದೆ.

ಮೊದಲ ಕರೆ ಬಡಿದುಕೊಂಡು ನಿಂತಿತು. ಎರಡನೆಯದಕ್ಕೆ ಎತ್ತಿದರು.

"ಈಚೆಗೆ ಬಂದಿವ್ನಿ ಕಣವ್ವ. ನೀನು ಬೆನ್ನಿಂದೆ ನಿಂತು ಅತ್ತೇ ಅಂತ ಒಂದೇ ಸಲ ಕೂಗ್ದೆ. ನಾ ಓ ಅನ್ನಲಿಲ್ಲ, ಹೆದ್ರಿ ಓಡ್ಬಂದ್ಬುಟ್ಟೆ. ಹಿಂದೇನೇ ಹೊಗೆ ಬಂತು."

ಮೇನ್ ಸ್ವಿಚ್ ಆರಿಸಿ ಎಂದಷ್ಟೇ ನನ್ನ ಬಾಯಿಂದ ಬಂತು. ನಾನು ಬಿಡದಿಯಲ್ಲಿದ್ದೆ.

ಸಂಜೆ ಮತ್ತೆ ಸ್ವಿಚ್ ಹಾಕಿ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ಕ್ರಿಪ್ಟ್ ಬಿಟ್ಟು ನಾನೇ ಟೈಪು ಮಾಡಿದೆ. ಬೆಳಿಗ್ಗೆ ಕಾಣದಿದ್ದ ಪ್ರಶ್ನೆ ಈಗ ಕಂಡಿತು: ಅರ್ಧಕ್ಕೆ ನಿಂತ ಹೊಗೆ ಮುಂದುವರಿಸಬೇಕಿದೆ, ಕೋಣೆ ಖಾಲಿ ಇದೆಯೇ? ಎರಡು, ನಲವತ್ತು ಅದಕ್ಕೆ ಹಿಡಿಸಿರಲಿಲ್ಲ, ಉಳಿಸಲೇ ಎಂಬುದಕ್ಕೆ ಇಟ್ಟಿದ್ದ ಹೌದು ಇದಕ್ಕೆ ಹೋಗಿ ಕೂತಿತ್ತು. ಅತ್ತೆಗೆ ಓದಿ ಹೇಳಿದೆ. ಅವರು ಬೀಗ ಹಾಕಿದ ಕೋಣೆಯ ಬಾಗಿಲ ಕಡೆ ತಿರುಗಿದರು.

"ಕೂಗ್ದೋಳು ಈಚೆಗೆ ಬಂದಿದ್ದು ನಾ ಕಾಣೆ."

ನಾನು ಇಲ್ಲ ಎಂದು ಒತ್ತಿದೆ.