ಇದ್ದಿಲಿನಲ್ಲಿ ಬರೆದ ಕಣ್ಣು

ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ರೈಟರ್ ಆಗಿದ್ದರು. ಆಳುಗಳ ಹಾಜರಿ ಹಾಕುವುದು, ಸಂಜೆ ಹಣ್ಣು ಅಳೆಸುವುದು ಅವರ ಕೆಲಸ. ಕೊಡಗು ಆಗಿನ್ನೂ ಬೇರೆ ರಾಜ್ಯವಾಗಿತ್ತು. ಮೈಸೂರಿನ ಜೊತೆ ಸೇರಬೇಕೋ ಬೇಡವೋ ಎಂಬ ಜಗಳ ಅಪ್ಪನ ಆಫೀಸಿನ ಜಗಲಿಯಲ್ಲೂ ನಡೆಯುತ್ತಿತ್ತು. ನಾನು ಮಡಿಕೇರಿಯಲ್ಲಿ ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ಸೋಮವಾರಪೇಟೆ ಕಡೆಯಿಂದ ಗಂಡುಗಳು ಬಂದು ನೋಡಿಕೊಂಡು ಹೋಗುತ್ತಿದ್ದವು.

ಆ ವರ್ಷ ದೀಪಾವಳಿ ಕಳೆದ ಮೇಲೆ ಎಸ್ಟೇಟಿನ ಒಡೆಯನಾದ ಇಂಗ್ಲಿಷ್ ದೊರೆಯ ತಂಗಿಯ ಮಗಳು ಲಂಡನ್ನಿನಿಂದ ಬಂದಳು. ಅಲ್ಲಿ ಚಿತ್ರಕಲೆ ಓದುತ್ತಿದ್ದಳು. ಕ್ರಿಸ್ಮಸ್ಸಿಗೆ ಊಟಿಯ ನೆಂಟರ ಮನೆಗೆ ಹೋಗುವವಳು. ಅಲ್ಲಿಯವರೆಗೆ ನಮ್ಮ ಎಸ್ಟೇಟಿನಲ್ಲಿದ್ದು ಚಿತ್ರ ಬರೆಯಬೇಕೆಂದಿದ್ದಳು. ಅವಳಿಗೆ ಕನ್ನಡ ಬಾರದು, ಆಳುಗಳಿಗೆ ಇಂಗ್ಲಿಷು ಬಾರದು. ದೊರೆಸಾನಿ ಅಪ್ಪನನ್ನು ಕರೆಸಿ ನನ್ನನ್ನು ಜೊತೆಗೆ ಕಳಿಸುವಂತೆ ಹೇಳಿದಳು. ಅಮ್ಮನಿಗೆ ಇಷ್ಟವಿರಲಿಲ್ಲ. ಆದರೆ ಬಂಗಲೆಯಿಂದ ಬಂದ ಮಾತಿಗೆ ನಮ್ಮ ಮನೆಯಲ್ಲಿ ಎದುರು ಮಾತಿರಲಿಲ್ಲ.

ಆ ಹುಡುಗಿ ತೆಳ್ಳಗೆ, ಉದ್ದಕ್ಕಿದ್ದಳು. ಆಳುಗಳು ಅವಳನ್ನು ಮಿಸ್ಸಮ್ಮ ಎನ್ನುತ್ತಿದ್ದರು. ಉಗುರಿನ ಸಂದಿಯಲ್ಲಿ ಯಾವಾಗಲೂ ಇದ್ದಿಲಿನ ಕಪ್ಪು. ನಡೆಯುತ್ತ ನಡೆಯುತ್ತ ತನ್ನ ಊರಿನ ಮಾತು ಹೇಳುತ್ತಿದ್ದಳು. ಯುದ್ಧದಲ್ಲಿ ಅವರ ಬೀದಿಯ ಅರ್ಧ ಮನೆಗಳು ಬಾಂಬಿಗೆ ಬಿದ್ದು ಹೋಗಿದ್ದವಂತೆ. ಚಿತ್ರಶಾಲೆಯ ದೊಡ್ಡ ಕೋಣೆಯಲ್ಲಿ ಚಳಿಗೆ ಕೋಟು ಹಾಕಿಕೊಂಡೇ ಬರೆಯಬೇಕಂತೆ. ಇವರು ಬರೆಯಲೆಂದು ಎದುರಿಗೆ ಬಟ್ಟೆಯಿಲ್ಲದೆ ಕೂತ ಹೆಂಗಸಿನ ಕಾಲಬಳಿ ಒಂದೇ ಒಂದು ಒಲೆಯಂತೆ. ಇದನ್ನು ಕೇಳಿ ನನ್ನ ಕಿವಿ ಬಿಸಿಯಾಯಿತು. ಅಮ್ಮನ ಹತ್ತಿರ ಹೇಳಲಿಲ್ಲ.

ನಾವು ಕಣದಲ್ಲಿ, ತೋಟದಲ್ಲಿ, ಲೈನಿನಲ್ಲಿ ಸುತ್ತಿದೆವು. ಆಳುಗಳು ಇರುವ ಉದ್ದನೆಯ ಹಂಚಿನ ಸಾಲು ಮನೆಗೆ ಲೈನು ಎನ್ನುತ್ತಿದ್ದರು. ಅಲ್ಲಿ ಹಾಸನದ ಕಡೆಯಿಂದ ಕುಯ್ಲಿಗೆ ಬಂದ ಒಬ್ಬ ಹೆಂಗಸಿದ್ದಳು, ನನ್ನದೇ ವಯಸ್ಸಿನವಳು. ಅವಳ ಕಂಕುಳಲ್ಲಿ ಇನ್ನೂ ಅಂಬೆಗಾಲಿಡುವ ಹೆಣ್ಣು ಕೂಸು. ಮಿಸ್ಸಮ್ಮ ಆ ತಾಯಿಯ ಕೈಯನ್ನು ಬರೆದಳು, ಹಣ್ಣು ಕೊಯ್ದು ಅಂಟು ಹಿಡಿದ ಬೆರಳುಗಳನ್ನು. ಕೂಸನ್ನು ಬರೆಯಲಿಲ್ಲ, ಅದು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

ಡಿಸೆಂಬರಿನ ಚಳಿ ಬಿಗಿಯಾಗಿತ್ತು. ಬೆಳಿಗ್ಗೆ ಕಾಫಿ ಗಿಡಗಳೆಲ್ಲ ಇಬ್ಬನಿಯಲ್ಲಿ ತೊಯ್ದಿರುತ್ತಿದ್ದವು. ಹೆಂಗಸರು ಎದೆಯವರೆಗೆ ನೆನೆದುಕೊಂಡೇ ಹಣ್ಣು ಕೊಯ್ಯುತ್ತಿದ್ದರು. ಮಕ್ಕಳು ಗಿಡದ ಬುಡದಲ್ಲಿ ಗೋಣಿಚೀಲದ ಮೇಲೆ.

ಒಂದು ದಿನ ದೊರೆಯ ಕಾರಿನಲ್ಲಿ ನಮ್ಮಿಬ್ಬರನ್ನೂ ದುಬಾರೆಗೆ ಕಳಿಸಿದರು. ಹೊಳೆಯಲ್ಲಿ ಆನೆಗಳ ಮೈ ತಿಕ್ಕುವುದನ್ನು ಅವಳು ಊಟ ಮರೆತು ಬರೆದಳು. ಒಂದು ಮುದಿ ಹೆಣ್ಣಾನೆಯ ಕಾಲಿನಲ್ಲಿ ಸರಪಳಿಯ ಹುಣ್ಣಿತ್ತು, ಅದನ್ನೂ ಬರೆದಳು. ಹಿಂದಿರುಗುವಾಗ ಹೊತ್ತು ಇಳಿದಿತ್ತು. ಅಪ್ಪ ಗೇಟಿನ ಹತ್ತಿರವೇ ನಿಂತಿದ್ದರು.

"ಆ ಹಾಸನದೋಳ ಕೂಸು ಹೋಯ್ತು ಕಣವ್ವಾ" ಎಂದರು. "ಬೆಳಿಗ್ಗೆಯಿಂದ ಪಕ್ಕೆ ಸೆಳೀತಿತ್ತು. ಕಾಂಪೌಂಡರು ಮಿಕ್ಸ್ಚರ್ ಕೊಟ್ಟ, ನಿಲ್ಲಲಿಲ್ಲ. ಮಡಿಕೇರಿ ಆಸ್ಪತ್ರೆಗೆ ಒಯ್ಯೋಣ ಅಂದ್ರೆ ಕಾರಿರಲಿಲ್ಲ."

ಮಿಸ್ಸಮ್ಮ ಅಪ್ಪನ ಮುಖ ನೋಡಿ ಏನಾಯಿತೆಂದು ಕೇಳಿದಳು. ಹೇಳಿದೆ. ಕಾರಿನ ಮಾತನ್ನೂ ಹೇಳಿದೆ. ಅವಳು ಕಾರಿನ ಬಾಗಿಲು ಹಿಡಿದುಕೊಂಡು ನಿಂತಳು.

"ನಾವು ಹೋಗದಿದ್ದರೆ ಕಾರು ಕೊಡುತ್ತಿದ್ದರಾ? ನಿಮ್ಮ ಅಪ್ಪನನ್ನು ಕೇಳು."

ಅಪ್ಪ ಬಂಗಲೆಯ ಕಡೆ ಒಮ್ಮೆ ನೋಡಿದರು. "ಕೊಡ್ತಿದ್ರೋ ಇಲ್ವೋ, ಯಾರಿಗ್ಗೊತ್ತು? ಇದುವರೆಗೂ ಯಾರಿಗೂ ಕೊಟ್ಟಿಲ್ಲ ಅಂತ ಹೇಳು."

ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವಳಿಗೆ ಸಮಾಧಾನವೇನೂ ಆದಂತೆ ಕಾಣಲಿಲ್ಲ.

ಮಾರನೆಯ ದಿನ ಬೆಳಿಗ್ಗೆ, ಮಣ್ಣು ಮಾಡುವ ಮೊದಲು, ಲೈನಿನ ಮೇಸ್ತ್ರಿ ನಮ್ಮ ಮನೆಗೆ ಬಂದ. ಆ ತಾಯಿ ಕೂಸನ್ನು ಕೊಡುತ್ತಿಲ್ಲ, ಚಿತ್ರ ಬರೆಯುವ ಮಿಸ್ಸಮ್ಮನನ್ನು ಕರೆಯಬೇಕಂತೆ ಎಂದ. ನಾನು ಬಂಗಲೆಗೆ ಹೋಗಿ ಹೇಳಿದೆ. ದೊರೆಸಾನಿ ಬೇಡವೆಂದಳು. ಮಿಸ್ಸಮ್ಮ ಹಲಗೆ, ಕಾಗದ ತೆಗೆದುಕೊಂಡು ನನ್ನ ಹಿಂದೆ ಬಂದಳು.

ಲೈನಿನ ಒಳಗೆ ಹೊಗೆ, ಕತ್ತಲೆ. ಕೂಸನ್ನು ಬಾಗಿಲಿಗೆ ತಂದು ಬೆಳಕಿಗೆ ಮಲಗಿಸಿದರು. ಹಣೆಗೆ ಕುಂಕುಮ ಇಟ್ಟಿದ್ದರು. ತಾಯಿ ಅಳುತ್ತಿರಲಿಲ್ಲ.

"ಅಮ್ಮಣ್ಣಿ, ಮಿಸ್ಸಮ್ಮಾರಿಗೆ ಹೇಳಿ, ಕಣ್ಣು ಬಿಟ್ಟಂಗೆ ಬರೀಲಿ. ನಿದ್ದೆ ಮಾಡೋದು ಬ್ಯಾಡ. ಕಣ್ಣು ಬಿಟ್ಟಿರಬೇಕು."

ನಾನು ಹೇಳಿದೆ. ಮಿಸ್ಸಮ್ಮ ಇದ್ದಿಲು ಹಿಡಿದವಳು ನನ್ನ ಕಡೆ ತಿರುಗಿದಳು. "ಅದರ ಕಣ್ಣು ಹೇಗಿತ್ತು? ನನಗೆ ನೆನಪಿಲ್ಲ. ನಾನು ನೋಡೇ ಇಲ್ಲ. ನಿನಗೆ ನೆನಪಿದೆಯಾ?"

ನನಗೂ ನೆನಪಿರಲಿಲ್ಲ. ಎಷ್ಟು ಸಲ ಆ ಕೂಸಿನ ಎದುರು ಕೂತಿದ್ದೆವು. ಒಂದು ಸಿಂಬಳದ ಮೂಗು, ಕಪ್ಪು ಬಳೆ, ಅಷ್ಟೇ ನೆನಪು. ಇದನ್ನು ಆ ತಾಯಿಗೆ ಹೇಗೆ ಹೇಳಲಿ? ಮಾತು ಅರ್ಥವಾಗದಿದ್ದರೂ ಅವಳಿಗೆ ವಿಷಯ ತಿಳಿದುಹೋಯಿತು. ಸರಿದು ಮಿಸ್ಸಮ್ಮನ ಎದುರಿಗೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ನಂದೇ ಕಣ್ಣು ಅದಕ್ಕೆ. ಎಲ್ಲಾರೂ ಹಂಗೇ ಅನ್ನೋರು. ನನ್ನ ನೋಡ್ಕಂಡು ಬರೀಲಿ."

ಅವಳು ರೆಪ್ಪೆ ಬಡಿಯದೆ ಕೂತಳು. ಮಿಸ್ಸಮ್ಮ ಒಮ್ಮೆ ಕೂಸಿನ ಮುಖ, ಒಮ್ಮೆ ತಾಯಿಯ ಕಣ್ಣು ನೋಡುತ್ತ ಬರೆದಳು. ಇದ್ದಿಲು ಎರಡು ಸಲ ಮುರಿಯಿತು. ಹೊರಗೆ ಗಂಡಸರು ಗುದ್ದಲಿ ಹಿಡಿದು ಕಾಯುತ್ತಿದ್ದರು. ಕೂಸಿನ ಅಪ್ಪ ಗೋಡೆಗೆ ಒರಗಿ ಕುಕ್ಕರಗಾಲಿನಲ್ಲಿ ಕೂತಿದ್ದ, ತಲೆ ಎತ್ತಲಿಲ್ಲ.

ಬರೆದು ಮುಗಿದ ಮೇಲೆ ಕಾಗದವನ್ನು ತಾಯಿಯ ಕೈಗೆ ಕೊಟ್ಟಳು. ಆಕೆ ಬಹಳ ಹೊತ್ತು ನೋಡಿದಳು.

"ಹೂಂ. ನೋಡ್ತಾ ಐತೆ" ಎಂದಳು. ಆಮೇಲೆ ಕೂಸನ್ನು ತಾನೇ ಎತ್ತಿ ಗಂಡನ ಕೈಗೆ ಕೊಟ್ಟಳು.

"ಮುಟ್ಟಬಾರದು ಅಂತ ಹೇಳು, ಇದ್ದಿಲು ಕೈಗೆ ಅಂಟಿಕೊಂಡು ಅಳಿಸಿಹೋಗುತ್ತದೆ. ಅದು ಕಾಗದದ ಮೇಲೆ ನಿಲ್ಲುವ ಹಾಗೆ ಮಾಡುವ ಔಷಧಿ ನನ್ನ ಹತ್ತಿರ ಮುಗಿದಿದೆ" ಎಂದಳು ಮಿಸ್ಸಮ್ಮ. ಹೇಳಿದೆ. ಯಾರು ಕೇಳಿಸಿಕೊಂಡರೋ ಗೊತ್ತಿಲ್ಲ.

ಆ ದಿನದ ಮೇಲೆ ಅವಳು ಇದ್ದಿಲಿನ ಪೆಟ್ಟಿಗೆ ತೆರೆಯಲಿಲ್ಲ. ನಾನು ಹೋದರೆ ಬಂಗಲೆಯ ವರಾಂಡದಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಒಳಗೆ ದೊರೆಸಾನಿ ಬಟ್ಲರ್ ಕೈಯಲ್ಲಿ ಬಣ್ಣದ ಕಾಗದದ ಮಾಲೆ ಕಟ್ಟಿಸುತ್ತಿದ್ದಳು. "ನನ್ನ ಮೇಷ್ಟ್ರು, ಎದುರಿಗಿರುವುದನ್ನು ನೋಡು, ನೋಡು ಅಂತ ಮೂರು ವರ್ಷ ಬಡಿದುಕೊಂಡರು" ಎಂದಳು ಮಿಸ್ಸಮ್ಮ ಒಂದು ದಿನ. ಅಂದುಕೊಂಡಿದ್ದಕ್ಕಿಂತ ಮೊದಲೇ ಊಟಿಗೆ ಹೊರಟುಹೋದಳು. ಕಾರು ಹತ್ತುವಾಗ ನನ್ನ ಕೈ ಹಿಡಿದಳು.

ಕ್ರಿಸ್ಮಸ್ಸಿನ ಹಿಂದಿನ ದಿನ ಆ ತಾಯಿ ನಮ್ಮ ಮನೆಯ ಹಿಂಬಾಗಿಲಿಗೆ ಬಂದಳು. ಕೊಯ್ಯುವ ಬುಟ್ಟಿ ಇನ್ನೂ ಸೊಂಟದಲ್ಲೇ ಇತ್ತು. ಮಡಿಲಿನಿಂದ ಕಾಗದ ತೆಗೆದು ಬಿಡಿಸಿದಳು. ಬಾಯಿ, ಕೆನ್ನೆ ಎಲ್ಲ ಬೂದು ಮಸಿಯಾಗಿ ಹರಡಿತ್ತು. ಕಣ್ಣಿದ್ದ ಕಡೆ ಎರಡು ಕಪ್ಪು ಗುರುತು, ಅಷ್ಟೇ.

"ದಿನಾ ಸವರ್ತಿದ್ದೆ ಅಮ್ಮಣ್ಣಿ. ಅಳಿಸೋಯ್ತು. ಮಿಸ್ಸಮ್ಮಾರಿಗೆ ಹೇಳಿ ಇನ್ನೊಂದ್ಸಲ ಬರೆಸ್ಕೊಡಿ."

"ಅವರು ಹೋದ್ರಲ್ಲಾ."

"ಯಾವಾಗ ಬತ್ತಾರೆ?"

"ಬರಲ್ಲ ಕಣೇ. ಊಟಿಯಿಂದ ಹಾಗೇ ಅವರ ಊರಿಗೆ ಹೋಗ್ತಾರೆ, ಸಮುದ್ರದಾಚೆ."

ಅವಳು ಆ ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿದಳು. ಒಳಗಿನಿಂದ ಅಮ್ಮ ಒಂದು ಲೋಟ ಕಾಫಿ ತಂದು ಕೊಟ್ಟರು. ನಿಂತುಕೊಂಡೇ ಕುಡಿದಳು, ಲೋಟ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದಳು. ಮೇಸ್ತ್ರಿ ಕೂಗುತ್ತಾನೆ ಎಂದು ತೋಟಕ್ಕೆ ಹೊರಟಳು.

ಕುಯ್ಲು ಮುಗಿದ ಮೇಲೆ ಗಂಡ ಹೆಂಡತಿ ಊರಿಗೆ ಹೋದರು. ಮಾರನೆಯ ವರ್ಷ ಅವರ ಊರಿನ ಬೇರೆಯವರು ಬಂದರು, ಅವರಿಬ್ಬರು ಬರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಮದುವೆಯೂ ಗೊತ್ತಾಗಿತ್ತು.