ಎಳೆ ತಪ್ಪಿದರೆ ಕೂಗುವ ಸಾಫ್ಟ್‌ವೇರ್

ಭಾನುವಾರ, ಬೆಳಿಗ್ಗೆ 10.20. ಇಳಕಲ್‌ನ ದಸ್ತಗೀರ್ ಕಾಕಾನ ರೇಷ್ಮೆ ನೂಲಿನ ಅಂಗಡಿಯಲ್ಲಿ ಲ್ಯಾಪ್‌ಟಾಪ್ ತೆರೆದೆ. 10.50ಕ್ಕೆ ನನ್ನ ಹದಿನಾಲ್ಕು ಸಂಜೆಗಳ ಕೆಲಸ ಮಣ್ಣಾಯಿತು. ಮಣ್ಣು ಮಾಡಿದವಳು ಕಂಪ್ಯೂಟರನ್ನು ಮುಟ್ಟಿಯೂ ನೋಡದ ನೇಕಾರ್ತಿ ಗಂಗವ್ವ.

ಮೊದಲಿನಿಂದ ಹೇಳುತ್ತೇನೆ.

ಕಾಕಾ ಮಾರುವ ನೂಲಿನಲ್ಲಿ ಹೊರದೇಶದ್ದೇ ಹೆಚ್ಚು. ಡಾಲರ್ ಏರಿದರೆ ನೂಲೂ ಏರುತ್ತದೆಂದು ಅವರ ಗುಮಾನಿ. ಮದುವೆ ಸೀಸನ್ ಮುಂದಿದೆ. ಈಗಲೇ ಕೊಳ್ಳಬೇಕೋ, ತಡೆಯಬೇಕೋ? ಸೋಮವಾರ ಆರ್ಡರ್ ಕೊಡಬೇಕು. ಎಡವಿದರೆ ಅವರ ನೂಲನ್ನೇ ನಂಬಿದ ಹನ್ನೆರಡು ಮಗ್ಗ ನಿಲ್ಲುತ್ತವೆ.

"ಎಂ.ಕಾಂ. ಮಾಡಿದಾಕಿ ಅದೀ. ಎರಡು ವರ್ಷದ ರೇಟ್ ಕೊಡ್ತೇನಿ, ನೋಡಿ ಹೇಳವಾ" ಎಂದಿದ್ದರು.

ಲೆಕ್ಕ ಮಾಡುವ ಮೊದಲು ಲೆಕ್ಕದ ಸಾಫ್ಟ್‌ವೇರ್ ಆರಿಸಬೇಕಲ್ಲ? ಮೂರನ್ನು ಪರೀಕ್ಷೆಗೆ ಕೂರಿಸಿದೆ. (ಹೆಸರು ಹೇಳುವುದಿಲ್ಲ, ಪುಕ್ಕಟೆ ಜಾಹೀರಾತು ಯಾಕೆ?) ಮೊದಲನೆಯದು ಭಾರೀ ಬೆಲೆಯದು, ನನ್ನದು ಒಂದು ತಿಂಗಳ ಪುಕ್ಕಟೆ ಟ್ರಯಲ್. ಎರಡನೆಯದು ಎಲ್ಲರಿಗೂ ಗೊತ್ತಿರುವಂಥ ಸ್ಪ್ರೆಡ್‌ಶೀಟ್. ಮೂರನೆಯದು ಉಚಿತ, ಆದರೆ ಪ್ರತಿಯೊಂದನ್ನೂ ಟೈಪ್ ಮಾಡಿ ಹೇಳಬೇಕು. ಡೈರಿಯಲ್ಲಿ ಏಳು ಕಾಲಮ್ ಹಾಕಿದೆ: ಬೆಲೆ, ವೇಗ, ಗ್ರಾಫಿನ ಚೆಂದ, ಹೀಗೆ. ಒಂದೊಂದಕ್ಕೆ ಐದು ಅಂಕ. ಮೊದಲನೆಯದಕ್ಕೆ 31, ಎರಡನೆಯದಕ್ಕೆ 26, ಮೂರನೆಯದಕ್ಕೆ 19.

ಮೂರನೆಯದರ ತಕರಾರೇನು? ಫೈಲ್ ಕೊಟ್ಟಾಗಲೆಲ್ಲ ಕೆಂಪು ಅಕ್ಷರದಲ್ಲಿ 'ಸಾಲುಗಳು ಹೊಂದುತ್ತಿಲ್ಲ' ಎಂದು ನಿಂತುಬಿಡುತ್ತಿತ್ತು. ಒಂಬತ್ತು ಸಲ ನಿಂತಿತು. ಸಿಟ್ಟಿನಲ್ಲಿ 'ಸ್ವಭಾವ' ಎಂಬ ಕಾಲಮ್ಮಿನಲ್ಲಿ ಸೊನ್ನೆ ಬರೆದೆ.

ಭಾನುವಾರ ಗೆದ್ದ ಸಾಫ್ಟ್‌ವೇರಿನ ಗ್ರಾಫ್ ತೋರಿಸಿದೆ. ಡಾಲರಿಗೂ ನೂಲಿಗೂ ಸಂಬಂಧವೇ ಇಲ್ಲ! ಕಾಕಾ ನಕ್ಕರು. "ಹಂಗಾರ ತಡಿಯೂಣು. ಅವಸರ ಯಾಕ?"

ನೂಲು ಒಯ್ಯಲು ಬಂದಿದ್ದ ಗಂಗವ್ವ ನಗಲಿಲ್ಲ. ತಡೆದರೆ ಮೊದಲು ಖಾಲಿ ಕೂರುವುದು ಅವಳ ಮಗ್ಗ.

"ಎರಡೂ ಕಡೆ ಎಳಿ ಎಣಿಸೀಯೇನ ತಂಗಿ?"

ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ, ಅಂದರೆ ಉದ್ದೆಳೆಗಳ, ತುದಿಗೆ ಸೆರಗಿನ ಕೆಂಪು ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಾರೆ, ಒಂದೆಳೆಗೆ ಒಂದೆಳೆ. ನಡುವೆ ಒಂದು ತಪ್ಪಿದರೆ ಮುಂದಿನವೆಲ್ಲ ಪಕ್ಕದ ಎಳೆಗೆ ಬೀಳುತ್ತವೆ. ಗಂಗವ್ವ ವರ್ಷಗಟ್ಟಲೆ ಮಾಡಿದ ಕೆಲಸ ಅದು.

"ನೂಲಿನ ಪ್ಯಾಟಿ ವಾರಕ್ಕ ಎಷ್ಟು ದಿನ?"

"ಆರು" ಎಂದರು ಕಾಕಾ.

"ಡಾಲರಿಂದು?"

"ಐದು" ಎಂದೆ. ಎಂದವಳೇ ಪಟ್ಟಿಗಳ ಕೊನೆಯ ಸಾಲಿಗೆ ಇಳಿದು ನೋಡಿದೆ.

ನಾನು ನೂಲಿನ, ಡಾಲರಿನ ಎರಡೂ ದರಪಟ್ಟಿಯನ್ನು ಅಕ್ಕಪಕ್ಕ ಅಂಟಿಸಿದ್ದೆ, ಮೊದಲ ಸಾಲಿಗೆ ಮೊದಲ ಸಾಲು ಎಂದು. ವಾರಕ್ಕೊಂದು ಸಾಲು ಜಾರಿ, ಕೊನೆಗೆ ಒಂದು ತಿಂಗಳ ನೂಲಿಗೆ ಬೇರಾವುದೋ ತಿಂಗಳ ಡಾಲರ್ ಗಂಟು ಬಿದ್ದಿತ್ತು. 31 ಅಂಕದ ಜಾಣ ಜೋಡಿ ಸಿಗದೆ ಉಳಿದ ಸಾಲುಗಳನ್ನು ಸದ್ದಿಲ್ಲದೆ ಕತ್ತರಿಸಿ ಚೆಂದದ ಗ್ರಾಫ್ ಕೊಟ್ಟಿದ್ದ.

"ಹೋತಲ್ಲವಾ ನಿನ್ನ ಎಂ.ಕಾಂ.!" ಎಂದರು ಕಾಕಾ.

"ಸುಮ್ಮಿರ್ರಿ ಸಾವ್ಕಾರ್ರ. ನಾ ಮೊದಲನೇ ಸೀರಿ ಇಡೀ ಬಿಚ್ಚೇನಿ. ಆವತ್ತಿಂದ ನೂರು ಎಳಿಗೊಮ್ಮೆ ಗುರ್ತಿನ ದಾರ ಕಟ್ತೇನಿ."

ನಾಚಿಕೆಯಿಂದಲೇ ಮೂರನೆಯದರ ಕೆಂಪಕ್ಷರ ತೋರಿಸಿ ಅರ್ಥ ಹೇಳಿದೆ. ಗಂಗವ್ವ ಪರದೆಗೆ ಮುಖವಿಟ್ಟು ನೋಡಿದಳು. "ಇದು ಶಾಣ್ಯಾ ಐತಿ. ಪಾಪ, ಒದರಿ ಒದರಿ ಸಾಕಾಗೇತಿ."

ದಿನಾಂಕಕ್ಕೆ ದಿನಾಂಕ ಜೋಡಿಸಿದೆ, ಅದರಲ್ಲೇ. 12.35ಕ್ಕೆ ಹೊಸ ಗ್ರಾಫ್ ಬಂತು. ಡಾಲರ್ ಏರಿದ ಮೇಲೆ, ಕೆಲವೇ ದಿನಗಳಲ್ಲಿ ನೂಲೂ ಏರಿದೆ, ಹಲವು ಸಲ. ಯಾವಾಗಲೂ ಅಲ್ಲ. ಅದೇ ವಾರ ಡಾಲರ್ ಮತ್ತೆ ಏರಿತ್ತು. ಕಾಕಾ ಗಡ್ಡ ಸವರಿಕೊಂಡರು. "ಅರ್ಧಾ ನಾಳೆ ತಗೋತೇನಿ. ಅರ್ಧಾ ನೋಡೂಣು."

ಅವರ ನಿರ್ಧಾರ ಸರಿಯೋ ತಪ್ಪೋ ಸೀಸನ್ ಹೇಳಬೇಕು. ಆದರೆ ಇಂದು, ಗುರುವಾರ, ನೂಲು ಬಂದಿದೆ. ಗಂಗವ್ವನ ಮಗ್ಗ ಸದ್ದು ಮಾಡುತ್ತಿದೆ.

ಸದ್ದಿಲ್ಲದೆ ಒಪ್ಪಿಕೊಳ್ಳುವವರಿಗೆ ಅಂಕ, ತಡೆದು ಕೇಳುವವರಿಗೆ 'ಸ್ವಭಾವ ಸರಿಯಿಲ್ಲ'. ಮನೆಯಲ್ಲಿ, ಆಫೀಸಿನಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವೇ?

ಒಂದು ಸಂಶಯ ಉಳಿದಿದೆ. ಪೇಟೆ ರಜೆಯಿದ್ದ ದಿನಕ್ಕೆ ಹಿಂದಿನ ದಿನದ ದರ ತುಂಬಬೇಕೋ, ಖಾಲಿ ಬಿಡಬೇಕೋ? ನನಗಿಂತ ಬಲ್ಲವರು ದಯವಿಟ್ಟು ಬರೆಯಿರಿ. ತಪ್ಪಿದ್ದರೆ ಒದರಿರಿ, ಈ ಸಲ ಸ್ವಭಾವಕ್ಕೆ ಐದಕ್ಕೆ ಐದು.